ಒಂದಕ್ಷರದ 'ಅ': ಬಾರ್ಸಿಲೋನಾದ ಮಾತು, ನಮ್ಮ ಉತ್ತರಪತ್ರಿಕೆ



ಹೋದ ವರ್ಷ ಕಿರುಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದಾಗ ಒಂದು ಪ್ರಬಂಧದಲ್ಲಿ "ಬಸ್ ಸ್ಟ್ಯಾಂಡಿನಲ್ಲಿ ನನ್ನ ಅಣ್ಣನಿಗೆ ನೋಡಿದೆ" ಎಂಬ ವಾಕ್ಯ ಸಿಕ್ಕಿತು. ಕೆಂಪು ಪೆನ್ನಿನಲ್ಲಿ 'ನಿಗೆ' ಹೊಡೆದು ಮೇಲೆ 'ನನ್ನು' ಎಂದು ಬರೆದೆ. ಅರ್ಧ ಅಂಕ ಹೋಯಿತು. ಪತ್ರಿಕೆ ಕೊಟ್ಟ ದಿನ ಆ ಹುಡುಗಿ ಸ್ಟಾಫ್ ರೂಮಿನ ಬಾಗಿಲ ಬಳಿ ನಿಂತು, "ಮೇಡಂ, ನಮ್ಮ ಮನೇಲಿ 'ಮೈ ಭಾಯಿ ಕೂ ದೇಖಿ' ಅಂತೀವಿ. 'ಕೂ' ಅಂದ್ರೆ 'ಗೆ' ಅಲ್ವಾ?" ಎಂದು ಕೇಳಿದಳು. "ಅದು ಮನೆಮಾತಿನ ಪ್ರಭಾವ, ಕನ್ನಡದಲ್ಲಿ ತಪ್ಪು" ಎಂದು ಹೇಳಿ ಕಳಿಸಿದೆ. ಹೇಳಿದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಎರಡು ಭಾಷೆ ಆಡುವವರ ಕರ್ಮಪದಗಳ ಬಗ್ಗೆ ಓದುತ್ತಾ ಹೋದಾಗ ಇದೇ ತಕರಾರು, ಹೆಚ್ಚುಕಡಿಮೆ ಇದೇ ಆಕಾರದಲ್ಲಿ, ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ ನೂರು ವರ್ಷದಿಂದ ನಡೆಯುತ್ತಿರುವುದು ತಿಳಿಯಿತು. ಈ ಪಾಠ ಅದರ ಬಗ್ಗೆ.

ಬಾರ್ಸಿಲೋನಾ ಕ್ಯಾಟಲೋನಿಯಾ ಪ್ರಾಂತ್ಯದ ರಾಜಧಾನಿ. ಫುಟ್‌ಬಾಲ್ ನೋಡುವವರಿಗೆ ಹೊಸದಾಗಿ ಹೇಳಬೇಕಿಲ್ಲ. ಅಲ್ಲಿ ಎರಡು ಭಾಷೆ ನಡೆಯುತ್ತವೆ, ಸ್ಪ್ಯಾನಿಷ್ ಮತ್ತು ಕ್ಯಾಟಲನ್. ಕ್ಯಾಟಲನ್ ಸ್ಪ್ಯಾನಿಷ್‌ನ ಉಪಭಾಷೆಯಲ್ಲ; ಎರಡೂ ಲ್ಯಾಟಿನ್‌ನಿಂದ ಬೇರೆಬೇರೆಯಾಗಿ ಬೆಳೆದ ಅಕ್ಕತಂಗಿಯರು. ವೆಲೆನ್ಸಿಯಾ, ಮಯೋರ್ಕ ಮುಂತಾದ ದ್ವೀಪಗಳು, ಅಂಡೋರಾ ಎಂಬ ಪುಟ್ಟ ದೇಶ, ಫ್ರಾನ್ಸಿನ ದಕ್ಷಿಣದ ಒಂದು ತುಂಡು, ಇಟಲಿಯ ಸಾರ್ಡಿನಿಯಾ ದ್ವೀಪದ ಒಂದು ಪಟ್ಟಣ, ಇಲ್ಲೆಲ್ಲ ಕ್ಯಾಟಲನ್ ಇದೆ. ಸ್ಪೇನಿನಲ್ಲಿ ಕ್ಯಾಟಲನ್ ಆಡುವ ವಯಸ್ಕರಿಗೆ ಸ್ಪ್ಯಾನಿಷ್ ಕೂಡ ಬಂದೇ ಬರುತ್ತದೆ. ಮನೆಯಲ್ಲಿ ಒಂದು, ಅಂಗಡಿಯಲ್ಲಿ ಇನ್ನೊಂದು, ಗೆಳೆಯರ ಮಧ್ಯೆ ಎರಡೂ. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈಗ ವ್ಯಾಕರಣಕ್ಕೆ ಬರೋಣ. ಕರ್ಮಪದ ಎಂದರೆ ಗೊತ್ತಲ್ಲ, ಕ್ರಿಯೆಯ ಫಲ ಯಾರ ಮೇಲೆ ಅಥವಾ ಯಾವುದರ ಮೇಲೆ ಬೀಳುತ್ತದೋ ಅದು. ಕನ್ನಡದಲ್ಲಿ ಅದಕ್ಕೆ ದ್ವಿತೀಯಾ ವಿಭಕ್ತಿ, 'ಅನ್ನು'. ಸ್ಪ್ಯಾನಿಷ್‌ನಲ್ಲಿ ವಿಭಕ್ತಿ ಪ್ರತ್ಯಯಗಳು ಉಳಿದಿಲ್ಲ. "ನಾನು ಮನೆ ನೋಡಿದ್ದೇನೆ" ಎನ್ನಲು "ಎ ಬಿಸ್ತೊ ಲಾ ಕಾಸಾ" ಎನ್ನುತ್ತಾರೆ. 'ಕಾಸಾ' ಎಂದರೆ ಮನೆ, 'ಲಾ' ಅದರ ಮುಂದಿನ ಗುಣಿ, ಇಂಗ್ಲಿಷ್‌ನ 'ದ' ಇದ್ದಂತೆ. ಆದರೆ "ಮರಿಯಾಳನ್ನು ನೋಡಿದ್ದೇನೆ" ಎನ್ನುವಾಗ "ಎ ಬಿಸ್ತೊ ಆ ಮರೀಯಾ" ಎನ್ನಬೇಕು. ನಡುವೆ ಒಂದು 'ಆ' ಬಂತು. ಅದು ಇಲ್ಲದಿದ್ದರೆ ಸ್ಪ್ಯಾನಿಷ್ ಕಿವಿಗೆ ವಾಕ್ಯ ಮುರಿದಂತೆ ಕೇಳುತ್ತದೆ. ಮನೆಗೆ ಬೇಡದ 'ಆ' ಮರಿಯಾಳಿಗೆ ಬೇಕು. ಕರ್ಮ ಮನುಷ್ಯನಾದರೆ ಗುರುತು, ವಸ್ತುವಾದರೆ ಇಲ್ಲ.

ಇಂತಹ ಭೇದ ಎಷ್ಟೋ ಭಾಷೆಗಳಲ್ಲಿದೆ. 1980ರ ದಶಕದಲ್ಲಿ ಗೇಯೊರ್ಗ್ ಬೊಸ್ಸೊಂಗ್ ಎಂಬ ಭಾಷಾವಿಜ್ಞಾನಿ ಇದಕ್ಕೊಂದು ಪಾರಿಭಾಷಿಕ ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು 'ಆಯ್ದ ಕರ್ಮಗಳಿಗೆ ಮಾತ್ರ ಗುರುತು ಹಾಕುವುದು' ಎನ್ನಬಹುದು. ಕನ್ನಡವೂ ಈ ಗುಂಪಿನದೇ. "ನಾನು ಪುಸ್ತಕ ಓದಿದೆ" ಎಂದರೂ ಸರಿ, "ಪುಸ್ತಕವನ್ನು ಓದಿದೆ" ಎಂದರೂ ಸರಿ. ಆದರೆ "ನಾನು ಹುಡುಗ ನೋಡಿದೆ" ಎಂದು ಯಾರೂ ಹೇಳುವುದಿಲ್ಲ, "ಹುಡುಗನನ್ನು" ಎನ್ನಲೇಬೇಕು. ಉರ್ದುವಿನಲ್ಲೂ ಹಾಗೆಯೇ. "ಕಿತಾಬ್ ಪಢೀ" ಎನ್ನುವಾಗ 'ಕೋ' ಬೇಡ, "ಅಹ್ಮದ್ ಕೋ ದೇಖಾ" ಎನ್ನುವಾಗ ಬೇಕು. ಮಲಯಾಳದಲ್ಲಿ 'ಕುಟ್ಟಿ' ಕರ್ಮವಾದರೆ 'ಕುಟ್ಟಿಯೆ' ಆಗುತ್ತದೆ, 'ಪುಸ್ತಕಂ' ಹಾಗೇ ಉಳಿಯುತ್ತದೆ.

ಯಾಕೆ ಹೀಗೆ? ಭಾಷಾವಿಜ್ಞಾನಿಗಳು ಕೊಡುವ ಒಂದು ವಿವರಣೆ ಸರಳವಾಗಿದೆ. "ಅನ್ನ ಮಗಳು ಉಂಡಳು" ಎಂದರೆ ಯಾರು ಯಾರನ್ನು ಉಂಡರು ಎಂಬ ಗೊಂದಲವಿಲ್ಲ. ಅನ್ನ ಮಗಳನ್ನು ಉಣ್ಣುವುದಿಲ್ಲ. "ತಾಯಿ ಮಗಳು ಕರೆದಳು" ಎಂದರೆ? ಇಬ್ಬರೂ ಕರೆಯಬಲ್ಲರು. ಮನುಷ್ಯರು ಸಾಮಾನ್ಯವಾಗಿ ಕೆಲಸ ಮಾಡುವವರು. ಅವರು ಕೆಲಸಕ್ಕೆ ಗುರಿಯಾದಾಗ ಅದನ್ನು ತೋರಿಸಿ ಹೇಳಬೇಕಾಗುತ್ತದೆ. ವಸ್ತುಗಳಿಗೆ ಆ ಅಗತ್ಯ ಕಡಿಮೆ. ಅರಬಿ ಓದುವವರು ಒಂದು ಕ್ಷಣ "ಝರಬ ಝೈದುನ್ ಅಮ್ರನ್" ಎಂಬ ಹಳೆಯ ಉದಾಹರಣೆ ನೆನೆಯಿರಿ. ಹೊಡೆದವನು ಝೈದ್, ತಿಂದವನು ಅಮ್ರ್. ಕೊನೆಯ ಸ್ವರವೇ ಅದನ್ನು ಹೇಳುತ್ತದೆ. ಅಲ್ಲಿ ಕರ್ಮ ಮನುಷ್ಯನೋ ಕಲ್ಲೋ ಎಂಬ ಭೇದವಿಲ್ಲ, ಎಲ್ಲ ಮಫ್‌ಊಲ್‌ಗೂ ಒಂದೇ ನಿಯಮ. ಆದರೆ ಅರಬಿಯ ಆಡುನುಡಿಯಿಂದ ಬೆಳೆದ ಮಾಲ್ಟಾ ದ್ವೀಪದ ಭಾಷೆಯಲ್ಲಿ ಆ ಕೊನೆಯ ಸ್ವರಗಳು ಉದುರಿಹೋಗಿವೆ. ಅಲ್ಲಿ "ಕಾರು ನೋಡಿದೆ" ಎನ್ನಲು "ರಾಯ್ತ್ ಇಲ್ ಕರೊಟ್ಸಾ", "ಮರಿಯಾಳನ್ನು ನೋಡಿದೆ" ಎನ್ನಲು "ರಾಯ್ತ್ ಲಿಲ್ ಮರೀಯ". ಮನುಷ್ಯರ ಮುಂದೆ ಮಾತ್ರ 'ಲಿಲ್'.

ಸ್ಪ್ಯಾನಿಷ್‌ನ 'ಆ' ಬರೀ ಮನುಷ್ಯ, ವಸ್ತು ಎಂಬ ಭೇದದ ಮೇಲೆ ನಿಂತಿಲ್ಲ. "ಬುಸ್ಕೊ ಉನ್ ಮೆದಿಕೊ" ಎಂದರೆ ಒಬ್ಬ ವೈದ್ಯ ಬೇಕು, ಯಾರಾದರೂ ಆದೀತು. "ಬುಸ್ಕೊ ಆ ಉನ್ ಮೆದಿಕೊ" ಎಂದರೆ ಒಬ್ಬ ನಿರ್ದಿಷ್ಟ ವೈದ್ಯನನ್ನು ಹುಡುಕುತ್ತಿದ್ದೇನೆ. ಕನ್ನಡದಲ್ಲಿ ಈ ಸೂಕ್ಷ್ಮ ನಿಮಗೆ ಗೊತ್ತಿರುವುದೇ. "ಹೆಣ್ಣು ನೋಡೋಕೆ ಹೋಗಿದ್ದಾರೆ" ಎಂದರೆ ಮದುವೆಯ ಮಾತು ನಡೆಯುತ್ತಿದೆ, ಹೆಣ್ಣು ಯಾರೆಂಬುದು ಆ ವಾಕ್ಯಕ್ಕೆ ಮುಖ್ಯವಲ್ಲ. "ಆ ಹೆಣ್ಣನ್ನು ನೋಡೋಕೆ ಹೋಗಿದ್ದಾರೆ" ಎಂದರೆ ಒಬ್ಬಳ ಮನೆಗೇ ಹೋಗಿದ್ದಾರೆ.

ಇಲ್ಲಿಂದ ಒಂದು ಏಣಿಯನ್ನು ಕಲ್ಪಿಸಿಕೊಳ್ಳಿ. ಮೇಲಿನ ಮೆಟ್ಟಿಲಲ್ಲಿ ನಾನು, ನೀನು, ಅವನು ಎಂಬ ಸರ್ವನಾಮಗಳು. ಅದರ ಕೆಳಗೆ ಮರಿಯಾ, ಅಹ್ಮದ್ ಎಂಬ ಹೆಸರುಗಳು. ಆಮೇಲೆ 'ನಮ್ಮ ಮೇಷ್ಟ್ರು' ಎಂಬಂತಹ ಗುರುತಿನ ಜನ, ಆಮೇಲೆ ಯಾರೋ ಒಬ್ಬರು, ಆಮೇಲೆ ಪ್ರಾಣಿಗಳು, ತಳದಲ್ಲಿ ವಸ್ತುಗಳು. ಸ್ಪ್ಯಾನಿಷ್ ಭಾಷೆಯ ಹಳೆಯ ಬರಹಗಳಲ್ಲಿ 'ಆ' ಮೇಲಿನ ಎರಡು ಮೆಟ್ಟಿಲುಗಳಲ್ಲೇ ಹೆಚ್ಚು ಕಾಣುತ್ತದೆ. ಶತಮಾನಗಳು ಕಳೆದಂತೆ ಅದು ಒಂದೊಂದೇ ಮೆಟ್ಟಿಲು ಕೆಳಗಿಳಿದಿದೆ.

ಕ್ಯಾಟಲನ್ ಎಲ್ಲಿ ನಿಂತಿದೆ? ಶಾಲೆಯಲ್ಲಿ ಕಲಿಸುವ ಕ್ಯಾಟಲನ್ ಬಹುಪಾಲು ಮೇಲಿನ ಮೆಟ್ಟಿಲಲ್ಲೇ ನಿಲ್ಲುತ್ತದೆ. "ಅವನು ನನ್ನನ್ನೇ ನೋಡುತ್ತಾನೆ" ಎಂಬಲ್ಲಿ "ಅಮ್ ಬೆವು ಅ ಮಿ", ಇಲ್ಲಿ 'ಅ' ಬೇಕು. "ಒಬ್ಬರನ್ನೊಬ್ಬರು" ಎಂಬಂತಹ ಕೆಲವು ಪ್ರಯೋಗಗಳಲ್ಲೂ ಬರುತ್ತದೆ. ಆದರೆ ಮರಿಯಾಳನ್ನು ನೋಡಿದರೆ "ಎ ಬಿಸ್ತ್ ಲ ಮರೀಯ", 'ಅ' ಬೇಡ. ಕ್ಯಾಟಲನ್‌ನಲ್ಲಿ ವ್ಯಕ್ತಿಯ ಹೆಸರಿನ ಮುಂದೆಯೂ ಗುಣಿ ಬರುವುದರಿಂದ ಆ 'ಲ'. ಮನೆ ನೋಡಿದರೆ "ಎ ಬಿಸ್ತ್ ಲ ಕಾಝ". ಎರಡೂ ವಾಕ್ಯಗಳ ಕಟ್ಟಡ ಒಂದೇ.

ಇನ್ನೊಂದು ವಿಷಯ ಗಮನಿಸಿ, ನಮ್ಮ ಹುಡುಗಿಯ ವಾಕ್ಯ ಇಲ್ಲಿಗೇ ತಾಗುತ್ತದೆ. ಕ್ಯಾಟಲನ್‌ನ 'ಅ' ಮುಖ್ಯವಾಗಿ ಚತುರ್ಥಿಯ ಕೆಲಸ ಮಾಡುವ ಪದ. ಮರಿಯಾಳಿಗೆ ಪುಸ್ತಕ ಕೊಡುವುದು, ಮರಿಯಾಳಿಗೆ ಹೇಳುವುದು, ಅಲ್ಲೆಲ್ಲ 'ಅ'. ಸ್ಪ್ಯಾನಿಷ್‌ನ 'ಆ' ಮತ್ತು ಉರ್ದುವಿನ 'ಕೋ' ಎರಡೂ ಚತುರ್ಥಿಯ ಕೆಲಸ ಮಾಡುತ್ತಲೇ ಮನುಷ್ಯ ಕರ್ಮದ ಗುರುತೂ ಆಗಿವೆ. ಕನ್ನಡ ಈ ಎರಡಕ್ಕೆ 'ಗೆ', 'ಅನ್ನು' ಎಂದು ಎರಡು ಪ್ರತ್ಯಯ ಇಟ್ಟುಕೊಂಡಿದೆ. ಆದ್ದರಿಂದ ಬಾರ್ಸಿಲೋನಾದ ಹುಡುಗನೊಬ್ಬ "ಎ ಬಿಸ್ತ್ ಅ ಲ ಮರೀಯ" ಎಂದರೆ ಅಲ್ಲಿನ ಕಟ್ಟುನಿಟ್ಟಿನ ಮೇಷ್ಟ್ರಿಗೆ ಕೇಳಿಸುವುದು "ಮರಿಯಾಳಿಗೆ ನೋಡಿದೆ" ಎಂದೇ. ಅವರ ಕೈಯಲ್ಲೂ ಕೆಂಪು ಪೆನ್ನಿದೆ.

ಆ ಪೆನ್ನಿನ ಹಿಂದೆ ಒಂದು ಇತಿಹಾಸವಿದೆ, ಅದನ್ನು ತಿಳಿಯದೆ ಆ ಮೇಷ್ಟ್ರನ್ನು ಗೇಲಿ ಮಾಡುವುದು ಅನ್ಯಾಯ. ಆಧುನಿಕ ಕ್ಯಾಟಲನ್‌ಗೆ ವ್ಯಾಕರಣ ಕಟ್ಟಿಕೊಟ್ಟವರು ಪೊಂಪೆಉ ಫಾಬ್ರಾ (1868–1948). ಓದಿನಿಂದ ಅವರು ಎಂಜಿನಿಯರ್, ಬಿಲ್ಬಾವೊದಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದರು. ವಿಜ್ಞಾನ ವಿಭಾಗದವರು ಇದನ್ನು ಗಮನಿಸಬೇಕು! 1913ರಲ್ಲಿ ಕಾಗುಣಿತದ ನಿಯಮಗಳು, 1918ರಲ್ಲಿ ವ್ಯಾಕರಣ, 1932ರಲ್ಲಿ ನಿಘಂಟು ಬಂದವು. ಸ್ಪ್ಯಾನಿಷ್‌ನಿಂದ ನುಗ್ಗಿದ್ದನ್ನು ತೆಗೆದು ಕ್ಯಾಟಲನ್‌ಗೆ ಅದರದೇ ಮುಖ ಕೊಡುವುದು ಅವರ ಗುರಿಗಳಲ್ಲಿ ಒಂದಾಗಿತ್ತು. ಹೆಸರುಗಳ ಮುಂದಿನ 'ಅ' ಹಾಗೆ ಶಿಷ್ಟ ಬರಹದಿಂದ ಹೊರಗಾಯಿತು. 1939ರಲ್ಲಿ ಅಂತರ್ಯುದ್ಧ ಮುಗಿದು ಫ್ರಾಂಕೊ ಆಡಳಿತ ಬಂದಾಗ ಕ್ಯಾಟಲನ್ ಶಾಲೆಯಿಂದ, ಕಚೇರಿಯಿಂದ ಹೊರದೂಡಲ್ಪಟ್ಟಿತು. ಫಾಬ್ರಾ ಗಡಿ ದಾಟಿ ಫ್ರಾನ್ಸಿಗೆ ಹೋದವರು ಮತ್ತೆ ಊರು ನೋಡಲಿಲ್ಲ; 1948ರಲ್ಲಿ ಅಲ್ಲೇ ತೀರಿಕೊಂಡರು. ಮನೆಯಲ್ಲಿ ಕ್ಯಾಟಲನ್ ಆಡುತ್ತಾ ಶಾಲೆಯಲ್ಲಿ ಬರೀ ಸ್ಪ್ಯಾನಿಷ್ ಓದಿದ ಒಂದಿಡೀ ತಲೆಮಾರು ಬೆಳೆಯಿತು. ತಮ್ಮ ಮಾತೃಭಾಷೆಯಲ್ಲಿ ಒಂದು ಕಾಗದ ಬರೆಯಲು ಅವರಿಗೆ ಕಷ್ಟ. ಅದೇ ದಶಕಗಳಲ್ಲಿ ಸ್ಪೇನಿನ ದಕ್ಷಿಣದಿಂದ ಸ್ಪ್ಯಾನಿಷ್ ಮಾತ್ರ ಬಲ್ಲ ಲಕ್ಷಾಂತರ ಕೂಲಿಕಾರರು ಬಾರ್ಸಿಲೋನಾದ ಕಾರ್ಖಾನೆಗಳಿಗೆ ಬಂದರು. 1975ರಲ್ಲಿ ಫ್ರಾಂಕೊ ತೀರಿಕೊಂಡ ಮೇಲೆ ಕ್ಯಾಟಲನ್ ಮತ್ತೆ ಶಾಲೆಗೆ ಬಂತು, 1983ರ ಭಾಷಾ ಕಾನೂನಿನ ನಂತರ ಕ್ರಮೇಣ ಕಲಿಕೆಯ ಮಾಧ್ಯಮವೂ ಆಯಿತು. ಇಷ್ಟೆಲ್ಲ ಕಳೆದುಕೊಂಡು ಪಡೆದ ಭಾಷೆಯಲ್ಲಿ ಸ್ಪ್ಯಾನಿಷ್‌ನ ನೆರಳು ಬಿದ್ದ ಒಂದಕ್ಷರವೂ ಮೇಷ್ಟ್ರ ಕಣ್ಣಿಗೆ ಚುಚ್ಚುತ್ತದೆ ಎಂದರೆ ಅರ್ಥವಾಗುತ್ತದೆ.

ಆದರೆ ಜನ ಏನು ಆಡುತ್ತಾರೆ? ಬಾರ್ಸಿಲೋನಾದ ಬೀದಿಯಲ್ಲಿ "ಎ ಬಿಸ್ತ್ ಅ ಲ ಮರೀಯ" ಧಾರಾಳವಾಗಿ ಕೇಳಿಬರುತ್ತದೆ. ಸ್ಪ್ಯಾನಿಷ್ ಮನೆಯಿಂದ ಬಂದವರು ಹೀಗೆ ಹೇಳಿದರೆ ವಿವರಣೆ ಸುಲಭ. ಆದರೆ ಅಜ್ಜಿಯ ಕಾಲದಿಂದ ಮನೆಯಲ್ಲಿ ಕ್ಯಾಟಲನ್ ಮಾತ್ರ ಆಡಿದವರೂ ಹೀಗೆ ಹೇಳುತ್ತಾರೆ. ಹೇಳುವವರೂ ಏಣಿಯಲ್ಲಿ ಮನಬಂದಂತೆ ಜಿಗಿಯುವುದಿಲ್ಲ. ಹೆಸರುಗಳ ಮುಂದೆ, ಗುರುತಿನ ಜನರ ಮುಂದೆ 'ಅ' ಸುಲಭವಾಗಿ ಬರುತ್ತದೆ. ಮನೆಯ ಮುಂದೆ, ಕುರ್ಚಿಯ ಮುಂದೆ ಬರುವುದಿಲ್ಲ. ಎರಡು ಭಾಷೆ ಬಲ್ಲವರ ತಲೆಯಲ್ಲಿ ಗೊಂದಲವಿದೆ ಎನ್ನುವವರು ಇದನ್ನು ನೋಡಬೇಕು. ಅವರು ತಪ್ಪಿದರೂ ಕ್ರಮ ತಪ್ಪುವುದಿಲ್ಲ.

ಇನ್ನೊಂದು ಸಾಕ್ಷಿ ಇದಕ್ಕಿಂತ ಚೆನ್ನಾಗಿದೆ. "ಅ ಲ ಮರೀಯ" ಎಂದವನಿಗೆ ಹೆಸರು ಬಿಟ್ಟು ಸರ್ವನಾಮ ಹಾಕಿ ಹೇಳು ಎಂದರೆ "ಲೆ ಬಿಸ್ತ" ಎನ್ನುತ್ತಾನೆ, ಅಂದರೆ 'ಅವಳನ್ನು ನೋಡಿದ್ದೇನೆ'. 'ಅವಳಿಗೆ' ಎಂಬರ್ಥದ 'ಲಿ' ಎಂಬ ರೂಪವನ್ನು ಅವನು ಬಳಸುವುದಿಲ್ಲ. ನಾಲಿಗೆಯ ಮೇಲೆ ಚತುರ್ಥಿಯ ಗುರುತು ಬಂದಿದ್ದರೂ ಮನಸ್ಸಿನಲ್ಲಿ ಮರಿಯಾ ಕರ್ಮವಾಗಿಯೇ ಉಳಿದಿದ್ದಾಳೆ.

ಹಾಗಾದರೆ ಈ 'ಅ' ಸ್ಪ್ಯಾನಿಷ್‌ನಿಂದ ಕದ್ದದ್ದೇ? ಸ್ಪ್ಯಾನಿಷ್‌ನ ಒತ್ತಡ ಇಲ್ಲವೆನ್ನಲು ಸಾಧ್ಯವಿಲ್ಲ. ಆದರೆ ಅಷ್ಟಕ್ಕೇ ಮುಗಿಯುವುದೂ ಇಲ್ಲ. ಮಧ್ಯಯುಗದ ಕ್ಯಾಟಲನ್ ಬರಹಗಳಲ್ಲೇ ಸರ್ವನಾಮ, ಹೆಸರುಗಳ ಮುಂದೆ 'ಅ' ಅಲ್ಲಲ್ಲಿ ಕಾಣುತ್ತದೆ, ಒಂದೇ ಪುಟದಲ್ಲಿ ಇದ್ದೂ ಇಲ್ಲದೆಯೂ. ಸಿಸಿಲಿ, ನೇಪಲ್ಸ್ ಕಡೆಯ ನುಡಿಗಳಲ್ಲೂ ಮನುಷ್ಯ ಕರ್ಮಕ್ಕೆ 'ಅ' ಇದೆ. ದೂರದ ರೊಮೇನಿಯಾದ ಭಾಷೆಯೂ ಲ್ಯಾಟಿನ್‌ನದೇ ಮಗಳು. ಅಲ್ಲಿ 'ಪೆ' ಎಂಬ ಬೇರೆಯೇ ಪದ ಇದೇ ಕೆಲಸ ಮಾಡುತ್ತದೆ. ಇನ್ನು ಮಯೋರ್ಕ ದ್ವೀಪಗಳ ಕ್ಯಾಟಲನ್‌ನದು ವಿಚಿತ್ರ ರೀತಿ. ಕರ್ಮವನ್ನು ವಾಕ್ಯದ ಕೊನೆಗೆ ತಳ್ಳಿ, "ಕಿತ್ಕೊಳ್ಳಿ ಅವನ್ನ, ಆ ಹಣ್ಣುಗಳನ್ನ" ಎಂಬ ಧಾಟಿಯಲ್ಲಿ ಹೇಳುವಾಗ, ಅಲ್ಲಿನವರು ಹಣ್ಣಿನ ಮುಂದೆಯೂ 'ಅ' ಹಾಕುತ್ತಾರೆ. ಸ್ಪ್ಯಾನಿಷ್ ಅಲ್ಲಿ 'ಆ' ಹಾಕುವುದಿಲ್ಲ. ಸ್ಪ್ಯಾನಿಷ್‌ನಲ್ಲಿ ಇಲ್ಲದ್ದನ್ನು ಸ್ಪ್ಯಾನಿಷ್‌ನಿಂದ ಕದ್ದರು ಎಂದು ಹೇಳುವುದು ಹೇಗೆ? ನನ್ನ ಮಟ್ಟಿಗೆ, ಬೀಜ ಕ್ಯಾಟಲನ್‌ನಲ್ಲೇ ಇತ್ತು, ಸ್ಪ್ಯಾನಿಷ್ ಅದಕ್ಕೆ ನೀರೆರೆಯಿತು ಎಂಬುದೇ ಹೆಚ್ಚು ಒಪ್ಪುವ ಮಾತು. ಕ್ಯಾಟಲನ್ ಅಕಾಡೆಮಿ 2016ರಲ್ಲಿ ಹೊರತಂದ ಹೊಸ ವ್ಯಾಕರಣ ಕೂಡ 'ಎಲ್ಲರೂ', 'ಯಾರು' ಎಂಬಂತಹ ಪದಗಳ ಜೊತೆ 'ಅ'ಕಾರಕ್ಕೆ ಜಾಗ ಬಿಟ್ಟಿದೆ.

ಪ್ರಭಾವ ಎಂದರೆ ಯಾವಾಗಲೂ ಸೇರುವುದೇ ಅಲ್ಲ, ಉದುರುವುದೂ ಹೌದು. ಕ್ಯಾಟಲನ್‌ನಲ್ಲಿ 'ಅನ್' ಎಂಬ ಚಿಕ್ಕ ಸರ್ವನಾಮವಿದೆ. "ಎಷ್ಟು ಪುಸ್ತಕ ಇವೆ?" ಎಂದರೆ "ಅನ್ ತಿಂಕ್ ತ್ರೆಸ್" ಎನ್ನಬೇಕು, 'ಅದರಲ್ಲಿ ಮೂರು ಇವೆ' ಎಂಬಂತೆ. ಸ್ಪ್ಯಾನಿಷ್‌ನಲ್ಲಿ "ತೆಂಗೊ ತ್ರೆಸ್" ಎಂದರೆ ಮುಗಿಯಿತು, ನಾವು "ಮೂರು ಇವೆ" ಎನ್ನುವ ಹಾಗೆ. ಸ್ಪ್ಯಾನಿಷ್ ಮನೆಯಿಂದ ಬಂದು ಕ್ಯಾಟಲನ್ ಕಲಿಯುವವರಿಗೆ ಈ 'ಅನ್' ಕಷ್ಟದ್ದು, ಬಿಟ್ಟುಹೋಗುವುದುಂಟು. ಸಾಗರದಾಚೆ ಅಮೆರಿಕದಲ್ಲಿ ಸ್ಪ್ಯಾನಿಷ್ ಮನೆಗಳ ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಬೆಳೆದಾಗ ಸ್ಪ್ಯಾನಿಷ್‌ನ ಆ 'ಆ'ಕಾರವನ್ನೇ ಮರೆಯುತ್ತಾರೆ ಎಂದು ಸಿಲ್ವಿನಾ ಮೊಂಟ್ರುಲ್ ಮತ್ತಿತರರ ಸಂಶೋಧನೆ ತೋರಿಸಿದೆ. ಇಂಗ್ಲಿಷ್‌ನಲ್ಲಿ ಮನೆ ನೋಡಿದರೂ ಮರಿಯಾಳನ್ನು ನೋಡಿದರೂ ಒಂದೇ ತಾನೇ? ಒಂದೇ ಅಕ್ಷರ ಬಾರ್ಸಿಲೋನಾದ ಕ್ಯಾಟಲನ್‌ನಲ್ಲಿ ಹೆಚ್ಚುತ್ತಿದೆ, ಅಮೆರಿಕದ ಮಕ್ಕಳ ಸ್ಪ್ಯಾನಿಷ್‌ನಲ್ಲಿ ಸವೆಯುತ್ತಿದೆ. ಪಕ್ಕದ ಮನೆಯ ಭಾಷೆ ಯಾವುದು ಎಂಬುದರ ಮೇಲೆ.

ಬಾರ್ಸಿಲೋನಾದ ರವಾಲ್ ಎಂಬ ಬಡಾವಣೆಯಲ್ಲಿ ಪಾಕಿಸ್ತಾನದಿಂದ ಹೋದ, ಪಂಜಾಬಿ, ಉರ್ದು ಆಡುವ ಕುಟುಂಬಗಳು ಬಹಳ ಇವೆ. ಆ ಮಕ್ಕಳು 'ಕೋ' ಇರುವ ಮನೆಯಿಂದ ಹೊರಟು, 'ಆ' ಇರುವ ಬೀದಿ ದಾಟಿ, 'ಅ' ಬೇಡವೆನ್ನುವ ತರಗತಿಗೆ ಹೋಗುತ್ತಾರೆ. ಅವರ ನೋಟ್‌ಬುಕ್ ನೋಡಬೇಕೆಂದು ನನಗೆ ಬಹಳ ಆಸೆ.

ಈಗ ಸ್ಟಾಫ್ ರೂಮಿನ ಬಾಗಿಲಿಗೆ ವಾಪಸ್ ಬರುತ್ತೇನೆ. "ಅಣ್ಣನಿಗೆ ನೋಡಿದೆ" ಎಂಬುದು ಉರ್ದುವಿನ ತಪ್ಪು ಎಂದು ನಾನು ಹೇಳಿದ್ದೆ. ಅದೇ ವಾರ ಆಫೀಸಿನ ಹಿರಿಯ ಅಟೆಂಡರ್ ಬಂದು "ಮೇಡಂ, ಪ್ರಿನ್ಸಿಪಾಲ್ರು ನಿಮಗ ಕರ್ಯಾಕತ್ತಾರ" ಎಂದರು. ಅವರ ಮನೆಯಲ್ಲಿ ಉರ್ದು ಇಲ್ಲ, ಅಪ್ಪಟ ಕನ್ನಡ. 'ನಿಮ್ಮನ್ನು' ಎನ್ನುವ ಕಡೆ 'ನಿಮಗ'. ಉತ್ತರ ಕರ್ನಾಟಕದಲ್ಲಿ "ಅವಂಗ ಹೊಡದ್ರು", "ನಿಂಗ ಕರದ್ರು" ದಿನನಿತ್ಯದ ಮಾತು. ಅದನ್ನು ನಾನು ಇಷ್ಟು ವರ್ಷ 'ನಮ್ಮ ಕಡೆಯ ಸೊಗಡು' ಎಂದು ಮೆಚ್ಚಿಕೊಂಡಿದ್ದೆ. ಹುಡುಗಿ ಬರೆದಾಗ 'ಉರ್ದು ಪ್ರಭಾವ' ಎಂದಿದ್ದೆ. ಪ್ರತ್ಯಯ ಒಂದೇ, ಆಡಿದವರ ಹೆಸರು ಮಾತ್ರ ಬೇರೆ. ಹೈಸ್ಕೂಲಿನಲ್ಲಿ ನೀವೇ ಓದಿದ 'ವಿಭಕ್ತಿ ಪಲ್ಲಟ' ನೆನಪಿದೆಯೇ? "ಬೆಟ್ಟವನ್ನು ಹತ್ತಿದನು" ಎನ್ನಬೇಕಾದಲ್ಲಿ "ಬೆಟ್ಟಕ್ಕೆ ಹತ್ತಿದನು". ದ್ವಿತೀಯೆಯ ಜಾಗದಲ್ಲಿ ಚತುರ್ಥಿ ಬರುವುದನ್ನು ನಮ್ಮ ವ್ಯಾಕರಣ ಹೆಸರಿಟ್ಟು ಗುರುತಿಸಿದೆ.

ಪರೀಕ್ಷೆಯಲ್ಲಿ 'ಅಣ್ಣನನ್ನು' ಎಂದೇ ಬರೆಯಿರಿ. ಬರಹದ ಕನ್ನಡ ಅದನ್ನು ಕೇಳುತ್ತದೆ, ಮೌಲ್ಯಮಾಪಕರೂ ಕೇಳುತ್ತಾರೆ. ನಾನು ಮಾತ್ರ ಈಗ ಅಂಚಿನಲ್ಲಿ 'ತಪ್ಪು' ಎಂದು ಬರೆಯುವುದಿಲ್ಲ, 'ಬರಹದಲ್ಲಿ: ಅನ್ನು' ಎಂದು ಬರೆಯುತ್ತೇನೆ. ಆ ಹುಡುಗಿಯನ್ನು ಕರೆದು ಇದನ್ನೆಲ್ಲ ಹೇಳಿದೆ. ಅರ್ಧ ಅಂಕ ವಾಪಸ್ ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಎಂದೆ.

ನಿಮಗೊಂದು ಕೆಲಸ. ಒಂದು ವಾರ ನಿಮ್ಮ ಮನೆಯಲ್ಲಿ ನೋಡು, ಕರೆ, ಹೊಡೆ, ಹುಡುಕು ಎಂಬ ನಾಲ್ಕು ಕ್ರಿಯಾಪದಗಳ ಜೊತೆ ಮನುಷ್ಯರ ಹೆಸರು ಬಂದಾಗ ಯಾವ ಪ್ರತ್ಯಯ ಹಚ್ಚುತ್ತಾರೆ, ವಸ್ತುವಿನ ಹೆಸರು ಬಂದಾಗ ಏನು ಮಾಡುತ್ತಾರೆ ಎಂದು ಕೇಳಿಸಿಕೊಂಡು ಬರೆದಿಡಿ. ಕನ್ನಡ, ಉರ್ದು, ಯಾವ ಭಾಷೆಯಾದರೂ ಸರಿ. ಅಜ್ಜ ಅಜ್ಜಿಯರ ಮಾತನ್ನು ಬೇರೆ ಪುಟದಲ್ಲಿ ಬರೆಯಿರಿ, ನಿಮ್ಮ ಮಾತಿಗೂ ಅದಕ್ಕೂ ವ್ಯತ್ಯಾಸ ಇರಬಹುದು. ಕೇಳಿದ್ದನ್ನು ತಿದ್ದಬೇಡಿ, ಕೇಳಿದ ಹಾಗೆಯೇ ಬರೆಯಿರಿ. ಹಾಳೆಗಳನ್ನು ಕನ್ನಡ ವಿಭಾಗದ ಮೇಜಿನ ಮೇಲೆ ಇಡಿ.